ಹಸುವಿಗೆ ಹುಲ್ಲು, ಅಣಬೆಗೆ ನಾರಿನ ಪುಡಿ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಯಾವ ಹಳ್ಳಿಗೆ ಹೋದರೂ ರೈತರ ಮನೆಯ ಆಸುಪಾಸಿನಲ್ಲಿ ಎರಡು ರಾಶಿಗಳು ಕಣ್ಣಿಗೆ ಬೀಳುತ್ತವೆ. ಒಂದು, ಸುಗ್ಗಿಯ ನಂತರ ಒಟ್ಟಿದ ರಾಗಿ ಹುಲ್ಲಿನ ಬಣವೆ. ಇನ್ನೊಂದು, ಅಟ್ಟದಲ್ಲಿ ತಿಂಗಳುಗಟ್ಟಲೆ ಒಣಗಿದ ಕಾಯಿಯನ್ನು ಸುಲಿದು ಉಂಡೆ ಕೊಬ್ಬರಿ ತೆಗೆದ ಮೇಲೆ ಉಳಿಯುವ ಸಿಪ್ಪೆಯ ಗುಡ್ಡೆ. ಮೊದಲನೆಯದನ್ನು ಹಸು ತಿನ್ನುತ್ತದೆ. ಎರಡನೆಯದನ್ನು ಮೂಸಿಯೂ ನೋಡುವುದಿಲ್ಲ. ಎರಡೂ ಗಿಡಮರಗಳಿಂದಲೇ ಬಂದವಲ್ಲವೇ? ಹಾಗಾದರೆ ಈ ಭೇದವೇಕೆ?

ಉತ್ತರ ಲಿಗ್ನಿನ್ ಎಂಬ ವಸ್ತುವಿನಲ್ಲಿದೆ. ಸಸ್ಯದ ಜೀವಕೋಶದ ಗೋಡೆಯ ಮುಖ್ಯ ಭಾಗ ಸೆಲ್ಯುಲೋಸ್. ಇದು ಸಕ್ಕರೆಯ ಕಣಗಳ ಉದ್ದನೆಯ ಸರಪಳಿ. ಮನುಷ್ಯರಿಗೆ ಇದು ಜೀರ್ಣವಾಗದು. ಆದರೆ ಹಸುವಿನ ಮೊದಲ ಹೊಟ್ಟೆಯಲ್ಲಿರುವ ಕೋಟ್ಯಂತರ ಸೂಕ್ಷ್ಮಜೀವಿಗಳು ಅದನ್ನು ಒಡೆದು ಹಸುವಿಗೆ ಆಹಾರ ಒದಗಿಸುತ್ತವೆ. ಈ ಸೆಲ್ಯುಲೋಸನ್ನು ಗಾರೆಯಂತೆ ಬಿಗಿದಿರುವುದೇ ಲಿಗ್ನಿನ್. ಅದನ್ನು ಒಡೆಯಲು ಆಮ್ಲಜನಕ ಬೇಕು. ಹಸುವಿನ ಹೊಟ್ಟೆಯೊಳಗೆ ಆಮ್ಲಜನಕ ಇಲ್ಲವೆನ್ನುವಷ್ಟು ಕಡಿಮೆ. ಆದ್ದರಿಂದ ಲಿಗ್ನಿನ್ ಹೆಚ್ಚಿದಷ್ಟೂ ಮೇವು ಜೀರ್ಣವಾಗುವುದು ಕಡಿಮೆ.

ಯುರೋಪಿನ ರೈತರಿಗೆ ಓಟ್ಸ್ ಹುಲ್ಲು ಹೇಗೋ, ಈ ಸೀಮೆಗೆ ರಾಗಿ ಹುಲ್ಲು ಹಾಗೆ. ಭತ್ತದ ಹುಲ್ಲಿನಲ್ಲಿ ಮರಳಿನ ಅಂಶವಾದ ಸಿಲಿಕಾ ಹೆಚ್ಚು. ಅದರಲ್ಲಿರುವ ಆಕ್ಸಲೇಟ್ ಸುಣ್ಣದ ಅಂಶವನ್ನು ಹಿಡಿದಿಟ್ಟುಕೊಳ್ಳುತ್ತದೆ. ಆದ್ದರಿಂದ ಅದಕ್ಕಿಂತ ರಾಗಿ ಹುಲ್ಲು ಲೇಸು. ಆದರೆ ಒಣಗಿದ ರಾಗಿ ಹುಲ್ಲಿನಲ್ಲಿ ಸಸಾರಜನಕ ಮಾತ್ರ ಶೇಕಡಾ 3ರಿಂದ 4ರಷ್ಟೇ. ಬರ ಬಂದ ವರ್ಷ ಬೇಸಿಗೆಯಲ್ಲಿ ಬಣವೆ ಕರಗುತ್ತಾ ಬಂದಾಗ, ಹುಲ್ಲು ಕೊಳ್ಳಬೇಕೋ ಹಸು ಮಾರಬೇಕೋ ಎಂಬ ಸಂಕಟ ಮನೆಯವರಿಗೆ. ಇರುವ ಹುಲ್ಲಿನಿಂದಲೇ ಹೆಚ್ಚು ಸತ್ವ ಪಡೆಯುವ ಉಪಾಯವಿದ್ದರೆ?

ಇದೆ. 100 ಕಿಲೋ ಒಣಹುಲ್ಲಿಗೆ 4 ಕಿಲೋ ಯೂರಿಯಾವನ್ನು ಸುಮಾರು 50 ಲೀಟರ್ ನೀರಿನಲ್ಲಿ ಪೂರ್ತಿ ಕರಗಿಸಿ, ಪದರ ಪದರವಾಗಿ ಚಿಮುಕಿಸಿ, ತುಳಿದು, ಗಾಳಿಯಾಡದಂತೆ ಪ್ಲಾಸ್ಟಿಕ್ ಹಾಳೆಯಿಂದ 3 ವಾರ ಮುಚ್ಚಿಡುವುದು. ಸೂಕ್ಷ್ಮಜೀವಿಗಳ ಯೂರಿಯೇಸ್ ಎಂಬ ಕಿಣ್ವ ಯೂರಿಯಾವನ್ನು ಅಮೋನಿಯಾ ಅನಿಲವಾಗಿ ಮಾರ್ಪಡಿಸುತ್ತದೆ. ಅಮೋನಿಯಾ ಕ್ಷಾರಗುಣದ್ದು. ಅದು ಲಿಗ್ನಿನ್ನಿನ ಬಿಗಿತವನ್ನು ಸಡಿಲಿಸುತ್ತದೆ. ಹುಲ್ಲಿನಲ್ಲಿ ಉಳಿದ ಸಾರಜನಕದಿಂದ ಹೊಟ್ಟೆಯ ಸೂಕ್ಷ್ಮಜೀವಿಗಳು ಸಸಾರಜನಕ ತಯಾರಿಸಿಕೊಳ್ಳುತ್ತವೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಯೂರಿಯಾ ನೀರನ್ನು ಹಸು ಕುಡಿದರೆ, ಕರಗದ ಹರಳು ತಿಂದರೆ, ಕೆಲವೇ ಗಂಟೆಗಳಲ್ಲಿ ಪ್ರಾಣಕ್ಕೇ ಸಂಚಕಾರ. ಅಳತೆ ಕಣ್ಣಂದಾಜಿನದಾಗಬಾರದು, ತಕ್ಕಡಿಯದಾಗಬೇಕು. ಹುಲ್ಲನ್ನು ಹೊರತೆಗೆದ ಮೇಲೆ ಘಾಟು ಹೋಗುವವರೆಗೆ ಹರವಿ, ಸ್ವಲ್ಪ ಸ್ವಲ್ಪವಾಗಿ ರೂಢಿ ಮಾಡಿಸಬೇಕು. 6 ತಿಂಗಳೊಳಗಿನ ಕರುಗಳಿಗೆ ಇದು ಸಲ್ಲದು. ಮೊದಲ ಬಾರಿಗೆ ಪಶುವೈದ್ಯರನ್ನು ಕೇಳಿಯೇ ಮಾಡುವುದು ಕ್ಷೇಮ. ತಿಪಟೂರು ತಾಲ್ಲೂಕಿನ ಕೊನೇಹಳ್ಳಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವೂ ಇದೆ.

ಇನ್ನು ಸಿಪ್ಪೆಯ ಗುಡ್ಡೆ. ನಾರಿನ ಕಾರ್ಖಾನೆಯಲ್ಲಿ ಸಿಪ್ಪೆಯಿಂದ ನಾರು ತೆಗೆದಾಗ ನಾರಿಗಿಂತ ಪುಡಿಯೇ ಹೆಚ್ಚು ಉದುರುತ್ತದೆ. ಇದರಲ್ಲಿ ಲಿಗ್ನಿನ್ ಬಹಳ. ಬಯಲಿನಲ್ಲಿ ಸುರಿದರೆ ವರ್ಷಗಟ್ಟಲೆ ಕೊಳೆಯದು. ಮಳೆ ಬಿದ್ದರೆ ಕಂದು ಬಣ್ಣದ ಒಗರು ನೀರು ಹರಿಯುತ್ತದೆ. ಈಗ ಇಟ್ಟಿಗೆಯಂತೆ ಒತ್ತಿದ ಈ ಪುಡಿ ಕೋಕೋಪಿಟ್ ಎಂಬ ಹೆಸರಿನಲ್ಲಿ ಹೊರದೇಶಗಳಿಗೂ ಹೋಗುತ್ತಿದೆ. ಆದರೆ ತೋಟಕ್ಕೇ ಹಿಂತಿರುಗಿಸುವ ದಾರಿಯೂ ಉಂಟು.

ಹಸುವಿಗೆ ದಕ್ಕದ ಲಿಗ್ನಿನ್ ಚಿಪ್ಪು ಅಣಬೆಗೆ ದಕ್ಕುತ್ತದೆ! ಪ್ಲೂರೋಟಸ್ ಜಾತಿಯ ಈ ಶಿಲೀಂಧ್ರ ಗಾಳಿಯ ಆಮ್ಲಜನಕವನ್ನು ಬಳಸಿ ಲಿಗ್ನಿನ್ನನ್ನು ಒಡೆಯುವ ಕಿಣ್ವಗಳನ್ನು ಸ್ರವಿಸುತ್ತದೆ. ತೆಂಗಿನ ನಾರು ಮಂಡಳಿ ಇದರ ಬೀಜವನ್ನು ‘ಪಿತ್ ಪ್ಲಸ್’ ಹೆಸರಿನಲ್ಲಿ ಬಳಕೆಗೆ ತಂದಿದೆ. ಒಂದು ಟನ್ ಪುಡಿಗೆ 5 ಕಿಲೋ ಯೂರಿಯಾ ಮತ್ತು ಅಣಬೆ ಬೀಜವನ್ನು ಪದರಗಳ ನಡುವೆ ಹಾಕಿ, ನೆರಳಿನಲ್ಲಿ ತೇವ ಆರದಂತೆ ನೋಡಿಕೊಂಡರೆ ಸುಮಾರು ಒಂದು ತಿಂಗಳಲ್ಲಿ ಕಪ್ಪನೆಯ ಗೊಬ್ಬರ. ಸಾರಜನಕದ ನೂರು ಪಟ್ಟಿಗೂ ಮೀರಿದ್ದ ಇಂಗಾಲ ಸುಮಾರು 24 ಪಟ್ಟಿಗೆ ಇಳಿದಿರುತ್ತದೆ. ತೆಂಗಿನ ಬುಡಕ್ಕೆ ಹಾಕಿದರೆ ಬೇಸಿಗೆಯಲ್ಲಿ ತೇವವನ್ನೂ ಹಿಡಿದಿಡುತ್ತದೆ.

ಎರಡು ಕೆಲಸಕ್ಕೂ ಯೂರಿಯಾ ಒಂದೇ, ವಿಧಾನ ಮಾತ್ರ ತದ್ವಿರುದ್ಧ. ಹುಲ್ಲಿನಲ್ಲಿ ಅಮೋನಿಯಾ ಹೊರಹೋಗಬಾರದು, ಆದ್ದರಿಂದ ಬಿಗಿಯಾಗಿ ಮುಚ್ಚಬೇಕು. ಅಣಬೆ ಉಸಿರಾಡಬೇಕು, ಆದ್ದರಿಂದ ಪುಡಿಯ ರಾಶಿಗೆ ಗಾಳಿ ಬೇಕು. ಇದನ್ನು ಅದಲುಬದಲು ಮಾಡಿದರೆ ಎರಡೂ ಕೆಟ್ಟಂತೆ.

ಹುಲ್ಲಿನೊಳಗೆ ನಡೆಯುವುದನ್ನು ವಿದ್ಯಾರ್ಥಿಗಳು ದೊಡ್ಡವರನ್ನು ಜೊತೆಗಿಟ್ಟುಕೊಂಡು ಕಣ್ಣಾರೆ ನೋಡಬಹುದು. ಒಂದು ಚಮಚ ಯೂರಿಯಾವನ್ನು ಅರ್ಧ ಲೋಟ ನೀರಿನಲ್ಲಿ ಕರಗಿಸಿ, ಜಜ್ಜಿದ ಹಸಿ ಕಲ್ಲಂಗಡಿ ಬೀಜವನ್ನು ಬೆರೆಸಿ. ಅದರಲ್ಲಿ ಯೂರಿಯೇಸ್ ಇದೆ. ಅರಿಶಿನ ಹಚ್ಚಿದ ಒದ್ದೆ ಕಾಗದವನ್ನು ನೀರಿಗೆ ತಾಗದಂತೆ ಲೋಟದ ಬಾಯಿಗೆ ಮುಚ್ಚಿಡಿ. ಅಮೋನಿಯಾ ಎದ್ದಂತೆ ಹಳದಿ ಕೆಂಪಾಗುತ್ತದೆ. ಬಳಿಕ ಕೈ, ಲೋಟ ಚೆನ್ನಾಗಿ ತೊಳೆಯಿರಿ. ಆ ಲೋಟ ಮತ್ತೆ ಅಡುಗೆಮನೆಗೆ ಬೇಡ.

ಪುಸ್ತಕದ ಪಾಠ ಮನೆಯ ಹಿತ್ತಲಿನಲ್ಲೇ ಇದೆ. ತಂದೆತಾಯಿ ಬಣವೆ ತೋರಿಸಲಿ, ಮಕ್ಕಳು ಅದರೊಳಗಿನ ವಿಜ್ಞಾನ ಹೇಳಲಿ. ಮುಂದಿನ ಬೇಸಿಗೆಗೆ ಕೊಟ್ಟಿಗೆಯ ಹಸು ಕೊಟ್ಟಿಗೆಯಲ್ಲೇ ಉಳಿದರೆ ಕಲಿತದ್ದು ಸಾರ್ಥಕ.