ಟೈರ್ ದೊಡ್ಡದಾಯ್ತು, ಮೀಟರ್ ಹಿಂದೆ ಬಿತ್ತು

ಕೈಲಾಂಚದಿಂದ ರಾಮನಗರ ಮಾರುಕಟ್ಟೆಗೆ ರೇಷ್ಮೆಗೂಡು ಸಾಗಿಸುವ ಪಿಕಪ್‌ಗೆ ನಮ್ಮಣ್ಣ ಡ್ರೈವರ್. ಮಾಲೀಕರು 215/75 ಆರ್15 ಟೈರ್ ತೆಗೆಸಿ 235/75 ಆರ್15 ಹಾಕಿಸಿದರು. ಲೆಕ್ಕದಲ್ಲಿ ಮೈಲೇಜ್ ಇಳಿಯಿತು. ಡೀಸೆಲ್ ಎಲ್ಲಿ ಹೋಯಿತೆಂದು ಅಣ್ಣನ ಮೇಲೆ ಅನುಮಾನ ಬಂತು.

ಮೀಟರ್ ರಸ್ತೆಯನ್ನು ಅಳೆಯುವುದಿಲ್ಲ, ಚಕ್ರದ ಸುತ್ತು ಎಣಿಸುತ್ತದೆ. ಟೈರಿನ ವ್ಯಾಸ ಸುಮಾರು 703 ಮಿ.ಮೀ.ನಿಂದ 733ಕ್ಕೆ ಏರಿದರೆ, ಪ್ರತಿ ಸುತ್ತಿಗೂ ಗಾಡಿ ಶೇ 4ರಷ್ಟು ಹೆಚ್ಚು ದೂರ ಹೋಗುತ್ತದೆ. ಸಾವಿರ ಕಿ.ಮೀ. ಓಡಿದರೂ ಮೀಟರಿನಲ್ಲಿ ಬೀಳುವುದು 959. ಮುಳ್ಳು 80ರಲ್ಲಿದ್ದಾಗ ನಿಜವಾದ ವೇಗ 83 ದಾಟಿರುತ್ತದೆ.

ಮೊಬೈಲ್ ಜಿಪಿಎಸ್ ಜೊತೆ ಹೋಲಿಸಿ ಮಾಲೀಕರಿಗೆ ತೋರಿಸಿದೆ. ಮೆಕ್ಯಾನಿಕ್ ಕಂಪ್ಯೂಟರ್ ಜೋಡಿಸಿ ಹೊಸ ಟೈರಿನ ಅಳತೆ ತುಂಬಿಸಿದರು. ಕೇಬಲ್ ಮೀಟರಿನ ಹಳೇ ಗಾಡಿಯಾದರೆ ಗೇರ್‌ಬಾಕ್ಸ್ ಬಳಿಯ ಪುಟ್ಟ ಗೇರ್ ಬದಲಿಸಬೇಕು. ಅಣ್ಣನ ಮೇಲಿನ ಅನುಮಾನ ಹೋಯಿತು. ಟೈರ್ ಬದಲಿಸುವವರೇ, ಮೀಟರನ್ನೂ ಸರಿಪಡಿಸಿಕೊಳ್ಳಿ.