ಭಕ್ತಿ ಜಾಸ್ತಿಯಾದ್ರೆ ತಪ್ಪಲ್ಲ, ಹಾಗಾದ್ರೆ ‘ತಲೆಗೆ ಹತ್ತಿಸಿಕೊಳ್ಳೋದು’ ಅಂದ್ರೆ ಏನು?

ಒಬ್ಬ ಹುಡುಗ ಹಣೆಗೆ ಉದ್ದ ಕುಂಕುಮ ಇಟ್ಟ, ಇನ್ನೊಬ್ಬ ಗಡ್ಡ ಬಿಟ್ಟು ಐದು ಹೊತ್ತಿನ ನಮಾಜ್ ತಪ್ಪಿಸದೆ ಹೊರಟ, ಮತ್ತೊಬ್ಬ ಪಕ್ಷದ ಶಾಲು ಹಾಕ್ಕೊಂಡು ಬೈಕ್ ರ‍್ಯಾಲಿಗೆ ಹೋದ. ಇಷ್ಟಾದ್ರೆ ಸಾಕು, ಟೀ ಅಂಗಡಿ ಮುಂದೆ ಮಾತು ಶುರು: "ಅವನು ತಲೆಗೆ ಹತ್ತಿಸಿಕೊಂಡಿದಾನೆ ಕಣ್ರೀ." ಟಿವಿಯವರು ಇದಕ್ಕೇ ‘ರ‍್ಯಾಡಿಕಲೈಸ್ ಆಗಿದ್ದಾನೆ’ ಅಂತಾರೆ.

ಆದರೆ ಈ ಮೂರೂ ಜನ ಮಾಡಿದ್ದರಲ್ಲಿ ತಪ್ಪೇನೂ ಇಲ್ಲ. ಧರ್ಮ ಪಾಲಿಸೋದು, ಪಕ್ಷಕ್ಕೆ ದುಡಿಯೋದು ಸಂವಿಧಾನ ಕೊಟ್ಟ ಹಕ್ಕು. ತೀವ್ರ ವಿಚಾರ ಇಟ್ಟುಕೊಳ್ಳೋದೂ ಅಪರಾಧ ಅಲ್ಲ. 12ನೇ ಶತಮಾನದಲ್ಲಿ ಕಲ್ಯಾಣದ ಶರಣರು ಜಾತಿ ಬಗ್ಗೆ ಹೇಳಿದ್ದು ಆ ಕಾಲಕ್ಕೆ ತೀವ್ರ ವಿಚಾರವೇ ಆಗಿತ್ತು.

ಹಾಗಾದ್ರೆ ಗೆರೆ ಎಲ್ಲಿದೆ? ನಂಬಿಕೆ ಎಷ್ಟು ಗಟ್ಟಿ ಅನ್ನೋದರಲ್ಲಿ ಇಲ್ಲ. ಎದುರಿಗಿರೋ ಮನುಷ್ಯ ನಿಮ್ಮ ಕಣ್ಣಿಗೆ ಇನ್ನೂ ಮನುಷ್ಯನಾಗಿ ಕಾಣ್ತಾನಾ ಅನ್ನೋದರಲ್ಲಿ ಇದೆ. ‘ಟೈಲರ್ ಅಣ್ಣ’, ‘ಹೂವಿನಂಗಡಿ ಅಕ್ಕ’, ‘ಮೆಕ್ಯಾನಿಕ್ ಭಾಯ್’ ಅನ್ನೋ ಜಾಗಕ್ಕೆ ಬರೀ ‘ಅವರು’ ಅನ್ನೋ ಪದ ಬಂದು ಕೂತಾಗ, ‘ಅವರಿಗೆ ಏನು ಮಾಡಿದ್ರೂ ತಪ್ಪಿಲ್ಲ’ ಅಂತ ಅನ್ನಿಸೋಕೆ ಶುರುವಾದಾಗ ಆ ಗೆರೆ ದಾಟಿದ ಹಾಗೆ.

ಮೆಟ್ಟಿಲು ಮೆಟ್ಟಿಲಾಗಿ

ಯಾರೂ ಒಂದೇ ರಾತ್ರಿಯಲ್ಲಿ ಹೀಗಾಗಲ್ಲ. ಇರಾನ್ ಮೂಲದ ಮನಶ್ಶಾಸ್ತ್ರಜ್ಞ ಫತಾಲಿ ಮೊಗದ್ದಮ್ 2005ರಲ್ಲಿ ಇದನ್ನು ಒಂದು ಕಟ್ಟಡದ ಮೆಟ್ಟಿಲಿಗೆ ಹೋಲಿಸಿದರು. ನೆಲಮಹಡಿಯಲ್ಲಿ ಲಕ್ಷಾಂತರ ಜನ ಇರ್ತಾರೆ. ‘ನಮಗೆ ಅನ್ಯಾಯ ಆಗಿದೆ’ ಅನ್ನೋ ಸಿಟ್ಟು ಅಲ್ಲಿರೋ ತುಂಬಾ ಜನರಿಗೆ ಇರುತ್ತೆ. ಹೆಚ್ಚಿನವರು ಅಲ್ಲೇ ಉಳೀತಾರೆ. ಕೆಲವರು ಒಂದು ಮಹಡಿ ಹತ್ತುತ್ತಾರೆ, ಅವರಲ್ಲಿ ಇನ್ನೂ ಕೆಲವರು ಮತ್ತೊಂದು. ಮೇಲೆ ಹೋದಷ್ಟೂ ತೆರೆದಿರೋ ಬಾಗಿಲು ಕಡಿಮೆ. ಕೊನೆಗೆ ಹಿಂಸೆ ಬಿಟ್ಟು ಬೇರೆ ದಾರಿಯೇ ಇಲ್ಲ ಅಂತ ಅನ್ನಿಸಿಬಿಡುತ್ತೆ.

ಕೆಳಗಿನ ಸಿಟ್ಟು ಹೆಚ್ಚಿನ ಸಲ ನಿಜವಾದದ್ದೇ. ಡಿಗ್ರಿ ಮುಗಿದರೂ ಕೆಲಸ ಇಲ್ಲ, ನೇಮಕಾತಿ ಪರೀಕ್ಷೆ ಮುಂದಕ್ಕೆ ಹೋಯ್ತು, ಎಲ್ಲೋ ಅವಮಾನ ಆಯ್ತು. ‘ಇದಕ್ಕೆಲ್ಲ ಕಾರಣ ಯಾರು’ ಅಂತ ಯಾರಾದರೂ ಬಂದು ಸುಲಭದ ಉತ್ತರ ಕೊಟ್ಟಾಗ ಮುಂದಿನ ಮೆಟ್ಟಿಲು ಶುರು. ಆ ಉತ್ತರ ಯಾವಾಗಲೂ ಒಂದು ಜಾತಿ, ಒಂದು ಧರ್ಮ ಅಥವಾ ಒಂದು ಪಕ್ಷದ ಕಡೆಯವರು. ಕೆಲಸ ಕೊಡದ ಸರ್ಕಾರದ ಮೇಲಿದ್ದ ಸಿಟ್ಟು ಪಕ್ಕದ ಬೀದಿಯವನ ಮೇಲೆ ತಿರುಗುತ್ತೆ.

ಗ್ರೂಪ್‌ನಲ್ಲಿ ಸಿಟ್ಟು ಯಾಕೆ ಜಾಸ್ತಿ ಆಗುತ್ತೆ?

1969ರಲ್ಲಿ ಮಾಸ್ಕೊವಿಚಿ ಮತ್ತು ಜವಲೋನಿ ಅನ್ನೋ ಇಬ್ಬರು ಸಂಶೋಧಕರು ಫ್ರಾನ್ಸಿನಲ್ಲಿ ವಿದ್ಯಾರ್ಥಿಗಳನ್ನು ಚಿಕ್ಕ ಗುಂಪು ಮಾಡಿ ಚರ್ಚೆಗೆ ಕೂರಿಸಿದರು. ವಿಷಯ: ಅಧ್ಯಕ್ಷ ಡಿ ಗಾಲ್ ಮತ್ತು ಅಮೆರಿಕದವರು. ಚರ್ಚೆ ಮುಗಿದ ಮೇಲೆ ನೋಡಿದರೆ, ಡಿ ಗಾಲ್ ಬಗ್ಗೆ ಮೊದಲೇ ಇದ್ದ ಒಳ್ಳೆ ಅಭಿಪ್ರಾಯ ಇನ್ನೂ ಹೆಚ್ಚಾಗಿತ್ತು, ಅಮೆರಿಕದವರ ಬಗ್ಗೆ ಇದ್ದ ಅಸಮಾಧಾನವೂ ಇನ್ನೂ ಹೆಚ್ಚಾಗಿತ್ತು. ಒಂದೇ ಕಡೆ ವಾಲಿದವರು ಸೇರಿ ಮಾತಾಡಿದರೆ ಮಾತು ಮಧ್ಯಕ್ಕೆ ಬರಲ್ಲ, ಇನ್ನೂ ಅಂಚಿಗೆ ಹೋಗುತ್ತೆ.

ಈಗ ನಿಮ್ಮ ಮೊಬೈಲ್‌ನಲ್ಲಿರೋ ಗ್ರೂಪ್‌ಗಳನ್ನು ನೆನಪು ಮಾಡ್ಕೊಳ್ಳಿ. ಸ್ವಲ್ಪ ಖಾರ ಹಾಕಿದವನಿಗೆ ನಾಲ್ಕು ಥಮ್ಸ್‌ಅಪ್, ಜಾಸ್ತಿ ಹಾಕಿದವನಿಗೆ ನಲವತ್ತು. ‘ಇದು ಸುಳ್ಳು ಸುದ್ದಿ ಇರಬಹುದು’ ಅಂದವನಿಗೆ ಬೈಗುಳ. ಅವನು ಲೆಫ್ಟ್ ಆಗ್ತಾನೆ. ಸಮಾಧಾನದ ಮಾತು ಆಡೋರು ಒಬ್ಬೊಬ್ಬರೇ ಹೊರಗೆ ಹೋದ ಮೇಲೆ ಒಳಗೆ ಉಳಿಯೋದು ಒಂದೇ ದನಿ.

ಬರೀ ವದಂತಿಯಿಂದಲೇ ಜೀವ ಹೋದ ಉದಾಹರಣೆ ನಮ್ಮ ರಾಜ್ಯದಲ್ಲೇ ಇದೆ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟವರನ್ನು ಮಕ್ಕಳ ಕಳ್ಳರು ಅಂತ ವಾಟ್ಸ್‌ಆ್ಯಪ್‌ನಲ್ಲಿ ಹಬ್ಬಿಸಲಾಯಿತು. ಗುಂಪು ಹೊಡೆದ ಏಟಿಗೆ ಹೈದರಾಬಾದಿನ ಒಬ್ಬ ಎಂಜಿನಿಯರ್ ಸತ್ತರು, ಬಿಡಿಸೋಕೆ ಹೋದ ಪೊಲೀಸರಿಗೂ ಗಾಯ ಆಯ್ತು. ಇಂಥ ಸರಣಿ ಸಾವುಗಳ ನಂತರವೇ ಅದೇ ತಿಂಗಳು ಭಾರತದಲ್ಲಿ ವಾಟ್ಸ್‌ಆ್ಯಪ್ ಫಾರ್ವರ್ಡ್‌ಗೆ ಐದು ಚಾಟ್‌ಗಳ ಮಿತಿ ಬಂತು.

‘ನಮಗೆ ನಷ್ಟ ಆದ್ರೂ ಸರಿ, ಅವರಿಗೆ ಲಾಭ ಬೇಡ’

ಅಂಗಡಿ ಇಟ್ಟವರು ಗಮನಿಸಬೇಕಾದ ವಿಷಯ ಇದು. ಹೆನ್ರಿ ತಾಜ್‌ಫೆಲ್ ಪೋಲೆಂಡ್‌ನಲ್ಲಿ ಹುಟ್ಟಿದ ಯಹೂದಿ. ಅವರ ಕುಟುಂಬವನ್ನು ನಾಜಿಗಳು ಮುಗಿಸಿಬಿಟ್ಟಿದ್ದರು. ಮನುಷ್ಯರು ಯಾಕೆ ಹೀಗಾಗ್ತಾರೆ ಅನ್ನೋದನ್ನೇ ಮುಂದೆ ಅವರು ಅಧ್ಯಯನ ಮಾಡಿದರು. 1970ರ ಸುಮಾರಿಗೆ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಶಾಲಾ ಹುಡುಗರನ್ನು ಎರಡು ಗುಂಪು ಮಾಡಿದರು. ಹುಡುಗರಿಗೆ ಹೇಳಿದ್ದು ‘ನಿಮಗೆ ಯಾವ ಚಿತ್ರ ಇಷ್ಟ ಆಯ್ತು ಅನ್ನೋದರ ಮೇಲೆ ಗುಂಪು’ ಅಂತ. ನಿಜಕ್ಕೂ ಗುಂಪು ಮಾಡಿದ್ದು ಚೀಟಿ ಎತ್ತಿದ ಹಾಗೆ. ಧರ್ಮ ಇಲ್ಲ, ಜಾತಿ ಇಲ್ಲ, ಹಳೇ ಜಗಳ ಇಲ್ಲ.

ಆಮೇಲೆ ದುಡ್ಡು ಹಂಚೋಕೆ ಹೇಳಿದರು. ಹುಡುಗರು ತಮ್ಮ ಗುಂಪಿನವರಿಗೇ ಜಾಸ್ತಿ ಕೊಟ್ಟರು. ಅದು ಬಿಡಿ. ತಮ್ಮ ಗುಂಪಿಗೆ ಬರೋದು ಸ್ವಲ್ಪ ಕಡಿಮೆ ಆದರೂ ಪರವಾಗಿಲ್ಲ, ಆ ಗುಂಪಿಗಿಂತ ನಾವು ಮೇಲಿರಬೇಕು ಅನ್ನೋ ಲೆಕ್ಕಾಚಾರವೂ ಕಾಣಿಸ್ತು.

2022ರ ಮಾರ್ಚ್ ನೆನಪಿದೆಯಾ? ಹಿಜಾಬ್ ತೀರ್ಪಿನ ನಂತರ ಮುಸ್ಲಿಂ ಸಂಘಟನೆಗಳ ಕರೆಗೆ ಅಂಗಡಿಗಳು ಬಂದ್ ಆದವು. ಅದರ ಬೆನ್ನಿಗೇ ಕಾಪು ಮಾರಿಗುಡಿ, ಶಿವಮೊಗ್ಗದ ಕೋಟೆ ಮಾರಿಕಾಂಬಾ ಜಾತ್ರೆಗಳಲ್ಲಿ ಮುಸ್ಲಿಂ ವ್ಯಾಪಾರಿಗಳಿಗೆ ಮಳಿಗೆ ಕೊಡಬಾರದು ಅನ್ನೋ ಒತ್ತಾಯ ಬಂತು, ಮಳಿಗೆ ಸಿಗಲಿಲ್ಲ. ಬಳೆ, ಆಟಿಕೆ, ಮಿಠಾಯಿ ಮಾರಿ ವರ್ಷದ ಸಾಲ ತೀರಿಸೋ ಬಡವನಿಗೂ ಹೈಕೋರ್ಟ್ ತೀರ್ಪಿಗೂ ಏನು ಸಂಬಂಧ? ಅವನು ಆ ಹೊತ್ತಿಗೆ ವ್ಯಾಪಾರಿ ಆಗಿ ಉಳಿದಿರಲಿಲ್ಲ, ‘ಅವರು’ ಆಗಿಬಿಟ್ಟಿದ್ದ. ಮುಂದಿನ ತಿಂಗಳೇ ಬೇಲೂರಿನ ಚೆನ್ನಕೇಶವ ರಥೋತ್ಸವದಲ್ಲಿ ಮುಸ್ಲಿಂ ವ್ಯಾಪಾರಿಗಳಿಗೆ ಅವಕಾಶ ಸಿಕ್ಕಿತು, ಕುರಾನ್ ಪಠಣದ ಹಳೇ ಪದ್ಧತಿಯೂ ನಡೆಯಿತು. ದೇವರಿಗೆ ಅದರಿಂದ ಏನೂ ಕಡಿಮೆ ಆಗಲಿಲ್ಲ.

ಕೊನೇ ಮೆಟ್ಟಿಲಲ್ಲಿ ಏನಾಗುತ್ತೆ?

- 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಪತ್ರಕರ್ತೆ ಗೌರಿ ಲಂಕೇಶ್ ಅವರನ್ನು ಮನೆ ಬಾಗಿಲಲ್ಲೇ ಗುಂಡಿಕ್ಕಿ ಕೊಂದರು. ಆರೋಪಿಗಳಿಗೂ ಅವರಿಗೂ ಯಾವ ವೈಯಕ್ತಿಕ ಸಂಬಂಧವೂ ಇರಲಿಲ್ಲ, ವಿಚಾರದ ಕಾರಣಕ್ಕೇ ಕೊಲೆ ಅಂತ ಎಸ್‌ಐಟಿ ಚಾರ್ಜ್‌ಶೀಟ್ ಹೇಳಿತು.
- 2020ರ ಆಗಸ್ಟ್ 11ರ ರಾತ್ರಿ ಬೆಂಗಳೂರಿನ ಡಿ.ಜೆ. ಹಳ್ಳಿ, ಕೆ.ಜಿ. ಹಳ್ಳಿಯಲ್ಲಿ ಒಂದು ಫೇಸ್‌ಬುಕ್ ಪೋಸ್ಟ್ ಕಾರಣಕ್ಕೆ ಶಾಸಕರ ಮನೆಗೆ, ಪೊಲೀಸ್ ಠಾಣೆಗೆ ದಾಳಿ ಆಯ್ತು. ಪೊಲೀಸ್ ಗೋಲಿಬಾರ್‌ಗೆ ಮೂವರು ಬಲಿಯಾದರು, ನೂರಾರು ಯುವಕರು ಜೈಲು ಸೇರಿದರು.
- 2022ರ ನವೆಂಬರ್ 19ರಂದು ಮಂಗಳೂರಿನಲ್ಲಿ ಆಟೊದಲ್ಲಿ ಕುಕ್ಕರ್ ಬಾಂಬ್ ಸಿಡಿಯಿತು. ಆರೋಪಿ ಎರಡು ವರ್ಷ ಮೊದಲು ಗೋಡೆ ಬರಹದ ಪ್ರಕರಣದಲ್ಲಿ ಬಂಧಿತನಾಗಿದ್ದವನು. ಬಾಡಿಗೆ ಸಿಕ್ಕಿತು ಅಂತ ಹತ್ತಿಸಿಕೊಂಡ ಆಟೊ ಚಾಲಕರಿಗೆ ಸುಟ್ಟ ಗಾಯ.

ಯಾವ ಧರ್ಮ ಅನ್ನೋದು ಇಲ್ಲಿ ಲೆಕ್ಕಕ್ಕೆ ಬರಲ್ಲ, ದಾರಿ ಒಂದೇ. ಡಿ.ಜೆ. ಹಳ್ಳಿಯ ಅದೇ ರಾತ್ರಿ ಮುಸ್ಲಿಂ ಯುವಕರು ಅಲ್ಲಿನ ದೇವಸ್ಥಾನದ ಮುಂದೆ ಕೈ ಕೈ ಹಿಡಿದು ಕಾವಲು ನಿಂತ ವಿಡಿಯೊವನ್ನೂ ದೇಶ ನೋಡಿತು. ಅವರಿಗೂ ಧರ್ಮದ ಮೇಲೆ ಪ್ರೀತಿ ಇತ್ತು, ಆ ಪೋಸ್ಟ್ ನೋಡಿ ಅವರಿಗೂ ನೋವಾಗಿರಬಹುದು. ಆದರೆ ಅವರು ಗೆರೆ ದಾಟಲಿಲ್ಲ.

ಮನೆಯವರು ಗಮನಿಸಬೇಕಾದ್ದು

ಗಡ್ಡ, ನಾಮ, ಬಟ್ಟೆ ನೋಡಿ ಅನುಮಾನ ಪಡಬೇಡಿ. ಈ ಬದಲಾವಣೆ ನೋಡಿ:

- ಹಳೇ ಗೆಳೆಯರನ್ನು, ಅದರಲ್ಲೂ ಬೇರೆ ಧರ್ಮದ ಗೆಳೆಯರನ್ನು ಒಮ್ಮೆಲೇ ಬಿಟ್ಟುಬಿಡೋದು.
- ಯಾವ ಮಾತು ತೆಗೆದರೂ ಕೊನೆಗೆ ‘ಅವರಿಂದಲೇ ಎಲ್ಲಾ’ ಅಂತ ಮುಗಿಸೋದು.
- ಸಾವಿನ ಸುದ್ದಿ ಕೇಳಿದಾಗ ಮೊದಲು ಸತ್ತವನ ಹೆಸರು ನೋಡಿ, ಆಮೇಲೆ ಬೇಜಾರು ಆಗಬೇಕಾ ಖುಷಿ ಪಡಬೇಕಾ ಅಂತ ತೀರ್ಮಾನ ಮಾಡೋದು.
- ಮನೆಯಲ್ಲಿ ದೇವರನ್ನು ನಂಬೋ ಅಪ್ಪ ಅಮ್ಮನಿಗೇ ‘ನೀವು ಸರಿಯಾದ ಭಕ್ತರಲ್ಲ’ ಅನ್ನೋದು.
- ಫೋನ್ ಮುಚ್ಚಿಡೋದು, ಎಲ್ಲಿಗೆ ಹೋಗ್ತೀಯ ಅಂದ್ರೆ ರೇಗೋದು, ಕೈಗೆ ಎಲ್ಲಿಂದಲೋ ದುಡ್ಡು ಬರೋದು.

ಒಂದು ಕಂಡ ಕೂಡಲೇ ಗಾಬರಿ ಬೇಡ. ಎರಡು ಮೂರು ಒಟ್ಟಿಗೆ ಕಂಡರೆ ಕೂತು ಮಾತಾಡಿ. ಬೈದು ಮನೆಯಿಂದ ಹೊರಗೆ ಹಾಕಿದರೆ ಅವನು ಹೋಗೋದು ಆ ಗುಂಪಿಗೇ, ಅವರು ತಟ್ಟೆ ಇಟ್ಟು ಕಾಯ್ತಿರ್ತಾರೆ. ವಾದ ಗೆಲ್ಲೋಕೆ ಹೋಗಬೇಡಿ. ಅವನ ಸಿಟ್ಟಿನ ಬುಡ ಕೇಳಿ: ಕೆಲಸ ಇಲ್ಲದ್ದಾ, ಸಾಲವಾ, ಎಲ್ಲಾದ್ರೂ ಅವಮಾನ ಆಯ್ತಾ? ಅವನು ಮರ್ಯಾದೆ ಕೊಡೋ ಮಾವನೋ, ಕೋಚ್ ಸರ್ರೋ, ಮೇಷ್ಟ್ರೋ ಇದ್ದರೆ ಅವರ ಕಡೆಯಿಂದ ಮಾತಾಡಿಸಿ. ಯಾರಿಗಾದರೂ ಅಪಾಯ ಆಗೋ ಸೂಚನೆ ಇದ್ದರೆ ಮಾತ್ರ ತಡ ಮಾಡಬೇಡಿ, 112ಕ್ಕೆ ಕರೆ ಮಾಡಿ.

ಕಾನೂನು ಏನು ಹೇಳುತ್ತೆ?

ಧರ್ಮ, ಜಾತಿ, ಭಾಷೆ ಹೆಸರಲ್ಲಿ ದ್ವೇಷ ಹುಟ್ಟಿಸಿದರೆ ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 196ರಡಿ 3 ವರ್ಷದವರೆಗೆ ಜೈಲು. ಪೂಜಾ ಸ್ಥಳದಲ್ಲಿ ಮಾಡಿದರೆ 5 ವರ್ಷದವರೆಗೆ. ಬೇಕಂತಲೇ ಧಾರ್ಮಿಕ ಭಾವನೆಗೆ ಧಕ್ಕೆ ತಂದರೆ ಸೆಕ್ಷನ್ 299, ಅದಕ್ಕೂ 3 ವರ್ಷದವರೆಗೆ. ‘ನಾನು ಬರೆದಿದ್ದಲ್ಲ, ಬರೀ ಫಾರ್ವರ್ಡ್ ಮಾಡಿದ್ದು’ ಅನ್ನೋ ನೆಪ ನಡೆಯಲ್ಲ. ಫಾರ್ವರ್ಡ್ ಮಾಡಿದವರೂ ಹೊಣೆ ಅಂತ ಮದ್ರಾಸ್ ಹೈಕೋರ್ಟ್ 2023ರಲ್ಲಿ ಹೇಳಿದೆ. ಗ್ರೂಪ್ ಅಡ್ಮಿನ್ ಆದ ಮಾತ್ರಕ್ಕೆ ಬೇರೆಯವರ ಪೋಸ್ಟ್‌ಗೆ ಹೊಣೆ ಅಲ್ಲ ಅಂತ ಕೇರಳ ಹೈಕೋರ್ಟ್ 2022ರಲ್ಲಿ ಹೇಳಿದೆ. ಹಾಗಂತ ಕೆಟ್ಟ ಪೋಸ್ಟ್ ಕಂಡೂ ಸುಮ್ಮನಿರಬೇಡಿ, ಡಿಲೀಟ್ ಮಾಡಿ.

ಇನ್ನೊಂದು ಮಾತು. ಭಾಷಣ ಮಾಡಿದವರು ಕಾರು ಹತ್ತಿ ಊರಿಗೆ ಹೋಗ್ತಾರೆ. ಕೇಸ್ ಬೀಳೋದು ಕಲ್ಲು ಎತ್ತಿದ ಹುಡುಗನ ಮೇಲೆ. ಪಾಸ್‌ಪೋರ್ಟ್ ಪರಿಶೀಲನೆಗೆ ಪೊಲೀಸರು ಬಂದಾಗ, ಸರ್ಕಾರಿ ಕೆಲಸದ ಫಾರಂನಲ್ಲಿ ‘ನಿಮ್ಮ ಮೇಲೆ ಪ್ರಕರಣ ಇದೆಯೇ’ ಅನ್ನೋ ಕಾಲಂ ಬಂದಾಗ ಪಕ್ಕದಲ್ಲಿ ಯಾವ ಲೀಡರೂ ಇರಲ್ಲ. ಕೋರ್ಟ್ ತಾರೀಕಿಗೆ ಬಸ್ ಚಾರ್ಜ್ ಕೊಡೋದು ಅಮ್ಮ. ನಿಷೇಧಾಜ್ಞೆ ಬಿದ್ದು ಶೆಟರ್ ಎಳೆದ ದಿನ ಎಲ್ಲಾ ಧರ್ಮದವರ ಗಲ್ಲಾನೂ ಖಾಲಿ.

ಅಂಗಡಿ ಇರೋರು ಒಮ್ಮೆ ಉದ್ರಿ ಪುಸ್ತಕ ತೆಗೆದು ನೋಡಿ. ಅದರಲ್ಲಿ ‘ಅವರು’ ಅಂತ ಒಂದು ಸಾಲೂ ಇರಲ್ಲ. ಇರೋದೆಲ್ಲ ಹೆಸರುಗಳೇ. ಮನೆಯ ಹುಡುಗರ ಬಾಯಲ್ಲೂ ಆ ಹೆಸರುಗಳು ಹಾಗೇ ಉಳಿದಿವೆಯಾ ಅಂತ ಆಗಾಗ ಕೇಳಿಸಿಕೊಳ್ತಿರಿ.