ಹಳೆಯ ಕಾರಿನ ಬ್ರೇಕ್ ಸದ್ದಿಗೆ ಕಿವಿಗೊಡೋಣ

ಗಡಿನಾಡಿನ ನಮ್ಮ ಎಷ್ಟೋ ಮಕ್ಕಳು ಹಳೆಯ ಕಾರುಗಳಲ್ಲಿ ಕನ್ನಡ ಶಾಲೆಗೆ ಬರುವುದನ್ನು ಶಿಕ್ಷಕರಾದ ನಾವು ಕಾಣುತ್ತೇವೆ. ತಾಳವಾಡಿಯ ಕುಟುಂಬಗಳು ಸತ್ಯಮಂಗಲಕ್ಕೆ ಹೋಗಬೇಕಾದರೆ 27 ಕಡಿದಾದ ತಿರುವುಗಳ ದಿಂಬಂ ಘಟ್ಟ ಇಳಿಯಬೇಕು. ಇಂತಹ ದಾರಿಗಳಲ್ಲಿ ಬ್ರೇಕಿನ ಸದ್ದನ್ನು ಕಡೆಗಣಿಸುವಂತಿಲ್ಲ.

ಈ ಕಾರುಗಳ ಮುಂದಿನ ಚಕ್ರಗಳಿಗೆ ಸಾಮಾನ್ಯವಾಗಿ ಡಿಸ್ಕ್ ಬ್ರೇಕ್ ಇರುತ್ತದೆ. ಪೆಡಲ್ ಒತ್ತಿದಾಗ ಕ್ಯಾಲಿಪರ್ ಎಂಬ ಹಿಡಿಕೆಯು ಎರಡು ಪ್ಯಾಡುಗಳನ್ನು ತಿರುಗುವ ಡಿಸ್ಕಿಗೆ ಅದುಮುತ್ತದೆ. ಮಳೆಗಾಲದ ಮುಂಜಾನೆ ಕೇಳಿಸಿ, ನಾಲ್ಕಾರು ಬಾರಿ ಬ್ರೇಕ್ ಒತ್ತಿದೊಡನೆ ಮಾಯವಾಗುವ ಸದ್ದು ಡಿಸ್ಕಿನ ಮೇಲಿನ ತೆಳು ತುಕ್ಕಿನದು, ಭಯಪಡಬೇಕಿಲ್ಲ. ಕೀರಲು ಸದ್ದು ದಿನವಿಡೀ ಇದ್ದರೆ ಪ್ಯಾಡ್ ಸವೆದಿರಬಹುದು. ಸವೆತವನ್ನು ಎಚ್ಚರಿಸಲೆಂದೇ ಹಲವು ಪ್ಯಾಡುಗಳಲ್ಲಿ ಲೋಹದ ಪಟ್ಟಿಯೊಂದಿರುತ್ತದೆ. ಪ್ಯಾಡಿನ ದಪ್ಪ 3 ಮಿ.ಮೀ.ಗೆ ಇಳಿದಿದ್ದರೆ ಎಡಬಲ ಎರಡೂ ಚಕ್ರಗಳ ಪ್ಯಾಡುಗಳನ್ನು ಒಟ್ಟಿಗೆ ಬದಲಿಸಬೇಕು. ಗರಗರನೆ ಉಜ್ಜುವ ಸದ್ದಾದರೆ ಲೋಹಕ್ಕೆ ಲೋಹ ತಾಗುತ್ತಿರುವ ಸಂಭವವಿದೆ. ಆಗ ಕಾರನ್ನು ಓಡಿಸಲೇಬಾರದು.

ಪ್ಯಾಡ್ ದಪ್ಪವಾಗಿದ್ದೂ ಸದ್ದು ನಿಲ್ಲದಿದ್ದರೆ ಬಹುಪಾಲು ಕಂಪನವೇ ಕಾರಣ. ಕ್ಯಾಲಿಪರ್ ಜಾರುವ ಪಿನ್ನುಗಳನ್ನು ಶುಚಿಗೊಳಿಸಿ, ಪಿನ್ನಿಗೂ ಪ್ಯಾಡಿನ ಬೆನ್ನಿಗೂ ಶಾಖ ತಾಳುವ ಬ್ರೇಕ್ ಗ್ರೀಸನ್ನು ತೆಳುವಾಗಿ ಹಚ್ಚುವಂತೆ ಮೆಕ್ಯಾನಿಕ್‌ಗೆ ಹೇಳೋಣ. ಪ್ಯಾಡಿನ ಮುಖಕ್ಕಾಗಲಿ ಡಿಸ್ಕಿಗಾಗಲಿ ಎಣ್ಣೆ ಸೋಕಕೂಡದು. ಸದ್ದಿನೊಂದಿಗೆ ಬ್ರೇಕಿನ ಹಿಡಿತವೂ ಹೋದೀತು. ಹೊಸ ಪ್ಯಾಡ್ ಹಾಕಿಸಿದ ಬಳಿಕ, ಕಾರು ಹೊರಡುವ ಮುನ್ನವೇ ಪೆಡಲನ್ನು ಅದು ಗಟ್ಟಿಯಾಗುವವರೆಗೆ ಹಲವು ಬಾರಿ ಒತ್ತಬೇಕು.

ತಡಮಾಡಿದರೆ ಪ್ಯಾಡಿನ ಖರ್ಚಿಗೆ ಡಿಸ್ಕಿನ ಖರ್ಚೂ ಸೇರುತ್ತದೆ. ಅದಕ್ಕಿಂತ ಮಿಗಿಲಾಗಿ, ಆ ಕಾರಿನಲ್ಲಿ ಕುಳಿತಿರುವವರು ನಮ್ಮ ಮಕ್ಕಳು.